ಹಾಡಿದ್ದಕ್ಕೆ 30 ಯೆನ್, ಬರೆದದ್ದಕ್ಕೆ 180: ಮಾರಿಯಾ ತಕೆಯುಚಿ ಮತ್ತು ಜಪಾನಿನ ಹಾಡಿನ ಲೋಕ

ಯೂಟ್ಯೂಬಿನಲ್ಲಿ ಹಾಡು ಕೇಳುವ ಅಭ್ಯಾಸ ಇದ್ದರೆ ಆ ಫೋಟೋ ನಿಮ್ಮ ಕಣ್ಣಿಗೂ ಬಿದ್ದಿರಬಹುದು. ಕಪ್ಪು-ಬಿಳುಪು ಚಿತ್ರ. ಒಬ್ಬ ಯುವತಿ ಕ್ಯಾಮೆರಾ ಕಡೆ ನೋಡಿ ಮನಸಾರೆ ನಗುತ್ತಿದ್ದಾಳೆ. ಹಾಡಿನ ಹೆಸರು ‘ಪ್ಲಾಸ್ಟಿಕ್ ಲವ್’, ಹಾಡಿದವರು ಜಪಾನಿನ ಮಾರಿಯಾ ತಕೆಯುಚಿ. ನಾವು ಬೇರೆ ಏನೋ ಕೇಳುತ್ತಿರುತ್ತೇವೆ, ಪಕ್ಕದಲ್ಲಿ ಈ ಮುಖ ದಿನಾ ಬಂದು ಕೂತಿರುತ್ತದೆ, ಒಂದು ರಾತ್ರಿ ಸುಮ್ನೆ ಒತ್ತಿ ನೋಡುತ್ತೇವೆ. ಭಾಷೆ ಒಂದು ಅಕ್ಷರ ಗೊತ್ತಿಲ್ಲ. ಆದರೂ ಹಾಡು ಮುಗಿಯುವ ಹೊತ್ತಿಗೆ ಇನ್ನೊಂದು ಸಲ ಹಾಕೋಣ ಅನ್ನಿಸುತ್ತದೆ. ನನಗೂ ಹಾಗೇ ಆಯಿತು. ಆಮೇಲೆ ಇವರು ಯಾರು, ಇಷ್ಟು ಒಳ್ಳೆಯ ಹಾಡು ಇಷ್ಟು ವರ್ಷ ಎಲ್ಲಿತ್ತು ಅಂತ ಹುಡುಕುತ್ತಾ ಹೋದೆ. ಹುಡುಕಿದಷ್ಟೂ ಕಥೆ ಒಬ್ಬ ಗಾಯಕಿಯದ್ದಾಗಿ ಉಳಿಯಲಿಲ್ಲ, ಜಪಾನಿನಲ್ಲಿ ಹಾಡು ಅನ್ನೋದು ಯಾರ ಸ್ವತ್ತು ಎಂಬ ಪ್ರಶ್ನೆಗೆ ಬಂದು ನಿಂತಿತು.

ಮೊದಲು ಆ ಫೋಟೋ ವಿಷಯವನ್ನೇ ತಗೊಳ್ಳಿ. ಅದು ಆ ಹಾಡಿನ ಫೋಟೋ ಅಲ್ಲವೇ ಅಲ್ಲ. 1980ರಲ್ಲಿ ‘ಸ್ವೀಟೆಸ್ಟ್ ಮ್ಯೂಸಿಕ್’ ಅನ್ನುವ ಬೇರೊಂದು ಹಾಡಿಗಾಗಿ ಅಮೆರಿಕದ ಅಲನ್ ಲೆವೆನ್ಸನ್ ಎಂಬ ಛಾಯಾಗ್ರಾಹಕರು ಲಾಸ್ ಏಂಜಲೀಸಿನಲ್ಲಿ ತೆಗೆದದ್ದು. ‘ಪ್ಲಾಸ್ಟಿಕ್ ಲವ್’ ಬಂದದ್ದು 1984ರಲ್ಲಿ. 2017ರ ಜುಲೈನಲ್ಲಿ ‘ಪ್ಲಾಸ್ಟಿಕ್ ಲವರ್’ ಎಂಬ ಹೆಸರಿನಲ್ಲಿ ಯಾರೋ ಒಬ್ಬ ಅಭಿಮಾನಿ ಹಾಡಿಗೆ ಆ ಚಿತ್ರ ಅಂಟಿಸಿ ಯೂಟ್ಯೂಬಿಗೆ ಏರಿಸಿದರು. ಅದು 2 ಕೋಟಿ ಸಲಕ್ಕಿಂತ ಜಾಸ್ತಿ ನೋಡಲ್ಪಟ್ಟ ಮೇಲೆ, 2018ರಲ್ಲಿ, ಒಂದು ದಿನ ಮಾಯವಾಯಿತು. ತೆಗೆಸಿದ್ದು ಗಾಯಕಿ ಅಲ್ಲ, ರೆಕಾರ್ಡ್ ಕಂಪನಿಯೂ ಅಲ್ಲ. ತನ್ನ ಫೋಟೋವನ್ನು ಕೇಳದೆ ಬಳಸಿದ್ದಾರೆ ಅಂತ ಛಾಯಾಗ್ರಾಹಕರು ಹಕ್ಕು ಕೇಳಿದ್ದರು. ಅವರದು ತಪ್ಪಲ್ಲ. ಚಿತ್ರ ಒಬ್ಬರದು, ಧ್ವನಿಮುದ್ರಣ ಇನ್ನೊಬ್ಬರದು, ಸಾಹಿತ್ಯ ಮತ್ತು ರಾಗ ಮತ್ತೊಬ್ಬರದು. ಒಂದು ಹಾಡು ಅಂತ ನಾವು ಕೇಳುವುದರ ಒಳಗೆ ಇಷ್ಟು ಒಡೆತನಗಳು ಒಂದರ ಮೇಲೊಂದು ಕೂತಿರುತ್ತವೆ. ಮಾರಿಯಾ ಅವರ ಬದುಕನ್ನು ಅರ್ಥ ಮಾಡಿಕೊಳ್ಳೋಕೆ ಇದಕ್ಕಿಂತ ಒಳ್ಳೆಯ ಬಾಗಿಲು ನನಗೆ ಸಿಗಲಿಲ್ಲ.

ಮಾರಿಯಾ ತಕೆಯುಚಿ ಹುಟ್ಟಿದ್ದು 1955ರ ಮಾರ್ಚ್ 20ರಂದು, ಶಿಮಾನೆ ಪ್ರಾಂತ್ಯದ ತೈಶಾ ಎಂಬ ಊರಲ್ಲಿ. ಈಗ ಅದು ಇಜುಮೊ ನಗರಕ್ಕೆ ಸೇರಿದೆ. ಜಪಾನಿನ ಅತಿ ಹಳೆಯ ದೊಡ್ಡ ದೇವಸ್ಥಾನಗಳಲ್ಲಿ ಒಂದಾದ ಇಜುಮೊ ತೈಶಾ ಇರುವ ಊರು. ದೇವಸ್ಥಾನಕ್ಕೆ ಹೋಗುವ ದಾರಿಯಲ್ಲೇ ಅವರ ಮನೆಯವರ ಹಳೆಯ ಯಾತ್ರಿ ನಿವಾಸ ಇತ್ತು, ಹೆಸರು ‘ತಕೆನೊಯಾ’. ಹುಡುಗಿಗೆ ಬೀಟಲ್ಸ್ ಅಂದರೆ ಪ್ರಾಣ. ಹೈಸ್ಕೂಲಿನಲ್ಲಿದ್ದಾಗ ವಿದ್ಯಾರ್ಥಿ ವಿನಿಮಯದಲ್ಲಿ ಒಂದು ವರ್ಷ ಅಮೆರಿಕದ ಇಲಿನಾಯ್ ರಾಜ್ಯದ ರಾಕ್ ಫಾಲ್ಸ್ ಅನ್ನುವ ಸಣ್ಣ ಊರಲ್ಲಿ ಇದ್ದು ಬಂದರು. ಅವರ ಹಾಡುಗಳಲ್ಲಿ ಇಂಗ್ಲಿಷ್ ಸಾಲುಗಳು ಅಷ್ಟು ಸಲೀಸಾಗಿ ಬರುವುದಕ್ಕೆ ಅದೂ ಒಂದು ಕಾರಣ. ಆಮೇಲೆ ಟೋಕಿಯೊದ ಕೇಯೊ ವಿಶ್ವವಿದ್ಯಾಲಯ. ಅಲ್ಲಿ ಸಂಗೀತದ ಗೆಳೆಯರ ಗುಂಪು, ಕೋರಸ್ ಹಾಡುವುದು, ಅಲ್ಲಿಂದ ಸ್ಟುಡಿಯೋ. 1978ರ ನವೆಂಬರ್ 25ಕ್ಕೆ ಆರ್‌ಸಿಎ ಲೇಬಲ್ಲಿನಿಂದ ಮೊದಲ ಆಲ್ಬಂ ‘ಬಿಗಿನಿಂಗ್’ ಬಂತು.

ಆಗಿನ ಜಪಾನಿನಲ್ಲಿ ಹಾಡುಗಾರರು ಎರಡು ಕಡೆ ಹಂಚಿಹೋಗಿದ್ದರು. ಒಂದು ಕಡೆ ‘ಕಾಯೋಕ್ಯೊಕು’, ಅಂದರೆ ಟಿವಿಯಲ್ಲಿ ದಿನಾ ಬರುವ ಜನಪ್ರಿಯ ಹಾಡು. ಇಲ್ಲಿ ಕೆಲಸ ಹಂಚಿಕೊಂಡು ನಡೆಯುತ್ತಿತ್ತು: ಸಾಹಿತ್ಯ ಒಬ್ಬರು, ರಾಗ ಇನ್ನೊಬ್ಬರು, ವಾದ್ಯ ಸಂಯೋಜನೆ ಮತ್ತೊಬ್ಬರು, ಎಲ್ಲ ಸಿದ್ಧವಾದ ಮೇಲೆ ಚಂದದ ಮುಖದ ಹುಡುಗ ಅಥವಾ ಹುಡುಗಿ ಬಂದು ಹಾಡುವುದು. ಇನ್ನೊಂದು ಕಡೆ ‘ನ್ಯೂ ಮ್ಯೂಸಿಕ್’ ಅಂತ ಕರೆಸಿಕೊಂಡವರು. ತಾವೇ ಬರೆದು ತಾವೇ ಹಾಡುವವರು. 1972ರಲ್ಲಿ ಬಂದ ಯೂಮಿ ಅರಾಯಿ (ಮದುವೆ ನಂತರ ಯೂಮಿ ಮತ್ಸುತೋಯಾ), 1975ರಲ್ಲಿ ಬಂದ ಮಿಯುಕಿ ನಕಾಜಿಮಾ ಈ ಸಾಲಿನವರು. ಇವರಲ್ಲಿ ಹಲವರು ಟಿವಿಗೆ ಹೋಗುತ್ತಲೇ ಇರಲಿಲ್ಲ. ಮಾರಿಯಾ ಈ ಎರಡರ ನಡುವೆ ಸಿಕ್ಕಿಕೊಂಡರು. ಮನಸ್ಸು ಎರಡನೇ ಕಡೆ, ಕೆಲಸ ಮೊದಲನೇ ಕಡೆ.

1979ರ ‘ಸೆಪ್ಟೆಂಬರ್’ ಕೇಳಿ ನೋಡಿ. ಬೇಸಿಗೆ ಮುಗಿದು ಪ್ರೀತಿಯೂ ತಣ್ಣಗಾಗುವ ಹಾಡು, ಇವತ್ತಿಗೂ ಹೊಸದಾಗಿ ಕೇಳಿಸುತ್ತದೆ. ಆದರೆ ಸಾಹಿತ್ಯ ತಕಾಶಿ ಮತ್ಸುಮೊತೊ ಅವರದು, ರಾಗ ತೆತ್ಸುಜಿ ಹಯಾಶಿ ಅವರದು. (ಈ ಹಯಾಶಿ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತಾರೆ.) ಆ ವರ್ಷ ಜಪಾನ್ ರೆಕಾರ್ಡ್ ಪ್ರಶಸ್ತಿಯ ಹೊಸಬರ ವಿಭಾಗದಲ್ಲಿ ಮಾರಿಯಾ ಹೆಸರು ಬಂತು. 1980ರ ‘ಫುಶಿಗಿ ನಾ ಪೀಚ್ ಪೈ’ ಇನ್ನೂ ದೊಡ್ಡ ಹಿಟ್. ಅದೂ ಬೇರೆಯವರು ಬರೆದದ್ದೇ. ಅದು ಹುಟ್ಟಿದ್ದು ಶಿಸೇಡೊ ಸೌಂದರ್ಯವರ್ಧಕ ಕಂಪನಿಯ ಆ ವಸಂತದ ಜಾಹೀರಾತಿಗೆ.

ಇದನ್ನು ಜಪಾನಿನಲ್ಲಿ ‘ಟೈ-ಅಪ್’ ಅನ್ನುತ್ತಾರೆ. ನಮ್ಮಲ್ಲಿ ಹಾಡು ಜನರಿಗೆ ತಲುಪೋದು ಹೆಚ್ಚಾಗಿ ಸಿನಿಮಾ ಮೂಲಕ ಅಲ್ವಾ? ಅಲ್ಲಿ ಆ ಕೆಲಸ ಮಾಡೋದು ಟಿವಿ ಜಾಹೀರಾತು ಮತ್ತು ಟಿವಿ ಧಾರಾವಾಹಿ. ಎಪ್ಪತ್ತರ ದಶಕದ ಕೊನೆಯಲ್ಲಿ ಶಿಸೇಡೊ ಮತ್ತು ಕನೆಬೊ ಎಂಬ ಎರಡು ಕಂಪನಿಗಳು ಋತುವಿಗೊಂದು ಲಿಪ್‌ಸ್ಟಿಕ್, ಅದಕ್ಕೊಂದು ಹಾಡು ಅಂತ ಪೈಪೋಟಿಗೆ ಬಿದ್ದಿದ್ದವು. ಮಾರಿಯಾ ಅವರ ಗಂಡ ಆಗಲಿದ್ದ ಗಾಯಕ ತತ್ಸುರೊ ಯಮಾಶಿತಾ ಮನೆಮಾತಾದದ್ದೂ ಹೀಗೇ. 1980ರಲ್ಲಿ ಮ್ಯಾಕ್ಸೆಲ್ ಕ್ಯಾಸೆಟ್ ಜಾಹೀರಾತಿಗೆ ಬಂದ ‘ರೈಡ್ ಆನ್ ಟೈಮ್’ ಅವರ ಮೊದಲ ದೊಡ್ಡ ಗೆಲುವು. ಜಾಹೀರಾತು ಕಂಪನಿಗೆ ಒಳ್ಳೆ ಹಾಡು ಸಿಗುತ್ತದೆ, ಹಾಡಿಗೆ ದಿನಕ್ಕೆ ಹತ್ತಾರು ಸಲ ಪುಕ್ಕಟೆ ಪ್ರಚಾರ ಸಿಗುತ್ತದೆ. ಎಷ್ಟೋ ಟಿವಿ ಚಾನೆಲ್‌ಗಳು ತಮ್ಮದೇ ಸಂಗೀತ ಪ್ರಕಾಶನ ಕಂಪನಿ ಇಟ್ಟುಕೊಂಡಿರುತ್ತವೆ, ಹಾಗಾಗಿ ತಾವು ಬಡಿಸುವ ಹಾಡಿನ ಹಕ್ಕಿನಲ್ಲಿ ತಮಗೂ ಒಂದು ಪಾಲು. ಟಿಬಿಎಸ್ ಚಾನೆಲ್ಲಿಗೆ ನಿಚಿಯೊನ್ ಅಂತ ಒಂದು ಕಂಪನಿ ಇದೆ. ಹಾಡು ಗೆದ್ದರೆ ಅದನ್ನು ಪ್ರಸಾರ ಮಾಡಿದವರಿಗೂ ಹಣ. ಇಷ್ಟು ಗೊತ್ತಾದರೆ ಯಾವ ಹಾಡು ಟಿವಿಯಲ್ಲಿ ಜಾಸ್ತಿ ಬರುತ್ತದೆ, ಯಾಕೆ ಬರುತ್ತದೆ ಅನ್ನೋದು ಅರ್ಧ ಅರ್ಥವಾದ ಹಾಗೆ.

ಇನ್ನರ್ಧ ಅರ್ಥವಾಗಲು ‘ಜಿಮುಶೊ’ ಗೊತ್ತಿರಬೇಕು. ಪದದ ಅರ್ಥ ಸುಮ್ನೆ ‘ಕಚೇರಿ’ ಅಂತ. ಆದರೆ ಮನರಂಜನೆ ಲೋಕದಲ್ಲಿ ಜಿಮುಶೊ ಅಂದರೆ ಕಲಾವಿದರನ್ನು ಸಾಕುವ, ಬೆಳೆಸುವ, ಕಟ್ಟಿಹಾಕುವ ಏಜೆನ್ಸಿ. ಅಮೆರಿಕದಲ್ಲಿ ಏಜೆಂಟ್ ಅನ್ನುವವನು ಕಲಾವಿದನಿಗಾಗಿ ಕೆಲಸ ಹುಡುಕಿ ಕಮಿಷನ್ ತಗೊಳ್ಳುತ್ತಾನೆ. ಜಪಾನಿನಲ್ಲಿ ಕಲಾವಿದರು ಏಜೆನ್ಸಿಗೆ ‘ಸೇರಿದವರು’. ಹದಿನಾಲ್ಕು ಹದಿನೈದು ವಯಸ್ಸಿನ ಮಕ್ಕಳನ್ನು ಕರೆತಂದು ಹಾಡು, ಕುಣಿತ, ಮಾತು ಎಲ್ಲ ಕಲಿಸಿ, ಇರಲು ಮನೆ ಕೊಟ್ಟು, ತಿಂಗಳ ಸಂಬಳ ಕೊಟ್ಟು, ಯಾವ ಕಾರ್ಯಕ್ರಮಕ್ಕೆ ಹೋಗಬೇಕು, ಯಾವುದಕ್ಕೆ ಬೇಡ ಅಂತ ತೀರ್ಮಾನಿಸುವುದೆಲ್ಲ ಏಜೆನ್ಸಿಯೇ. ಈ ಪದ್ಧತಿಗೆ ಗಟ್ಟಿ ರೂಪ ಕೊಟ್ಟದ್ದು 1955ರಲ್ಲಿ ಶುರುವಾದ ವತಾನಾಬೆ ಪ್ರೊಡಕ್ಷನ್ಸ್. ಜಾಜ್ ವಾದಕರಾಗಿದ್ದ ಶಿನ್ ವತಾನಾಬೆ ಮತ್ತು ಅವರ ಹೆಂಡತಿ ಮಿಸಾ ಕಟ್ಟಿದ್ದು. 1961ರಲ್ಲಿ ಹಿತೋಶಿ ಉಯೆಕಿ ಹಾಡಿದ ‘ಸೂದಾರಾ ಬುಶಿ’ಯನ್ನು ಅವರು ತಮ್ಮದೇ ದುಡ್ಡಿನಲ್ಲಿ ರೆಕಾರ್ಡ್ ಮಾಡಿ, ಮೂಲ ಧ್ವನಿಮುದ್ರಣದ ಹಕ್ಕನ್ನು ತಾವೇ ಇಟ್ಟುಕೊಂಡು, ರೆಕಾರ್ಡ್ ಕಂಪನಿಗೆ ಮಾರುವ ಕೆಲಸ ಮಾತ್ರ ಕೊಟ್ಟರು. ಅಲ್ಲಿಯವರೆಗೆ ಇದೆಲ್ಲ ರೆಕಾರ್ಡ್ ಕಂಪನಿಗಳ ಕೈಯಲ್ಲೇ ಇತ್ತು. ಈ ಮೂಲ ಮುದ್ರಣಕ್ಕೆ ಅಲ್ಲಿನವರ ಮಾತು ‘ಗೆನ್‌ಬಾನ್’. ಅದು ಯಾರ ಹತ್ತಿರ ಇದೆಯೋ ಅವರೇ ಹಾಡಿನ ನಿಜವಾದ ಯಜಮಾನರು.

ಮಾರಿಯಾ ಹದಿನಾಲ್ಕರ ಹುಡುಗಿ ಅಲ್ಲ, 23 ವರ್ಷ ಆಗಿತ್ತು. ಆದರೂ ಟಿವಿ, ಪತ್ರಿಕೆ ಫೋಟೋ, ಐಡಲ್‌ಗಳು (ಏಜೆನ್ಸಿಗಳು ಹೀಗೆ ತಯಾರು ಮಾಡಿದ ಎಳೆಯ ತಾರೆಗಳು) ಮಾಡುವ ಕಾರ್ಯಕ್ರಮಗಳ ಸುತ್ತಾಟ ತಪ್ಪಲಿಲ್ಲ. ಮೂರು ವರ್ಷದಲ್ಲಿ ಐದು ಆಲ್ಬಂ. 1980ರ ‘ಮಿಸ್ ಎಂ’ ಆಲ್ಬಮ್ಮಿನ ಒಂದು ಭಾಗಕ್ಕೆ ಲಾಸ್ ಏಂಜಲೀಸಿಗೆ ಹೋಗಿ ಡೇವಿಡ್ ಫಾಸ್ಟರ್, ಜೇ ಗ್ರೇಡನ್ ಅಂಥ ಹೆಸರಾಂತ ಸಂಗೀತಗಾರರ ಜೊತೆ ಕೆಲಸ ಮಾಡಿದರು, ಸಂಗೀತದ ದೃಷ್ಟಿಯಿಂದ ಅದೊಂದು ಹಬ್ಬ. ಆದರೆ ಗಂಟಲು ಕೈಕೊಡತೊಡಗಿತು. 1981ರ ಕೊನೆಗೆ ಎಲ್ಲ ನಿಲ್ಲಿಸಿದರು. 1982ರ ಏಪ್ರಿಲ್‌ನಲ್ಲಿ ಯಮಾಶಿತಾ ಜೊತೆ ಮದುವೆ. ಆಗಿನ ಜಪಾನಿನಲ್ಲಿ ಹಾಡುಗಾರ್ತಿ ಮದುವೆ ಆದರೆ ವೇದಿಕೆ ಮುಗಿಯಿತು ಅಂತಲೇ ಲೆಕ್ಕ. 1980ರಲ್ಲಿ ಮೊಮೊಯೆ ಯಮಾಗುಚಿ ಅನ್ನುವ ಆ ಕಾಲದ ಅತಿ ದೊಡ್ಡ ತಾರೆ 21ನೇ ವಯಸ್ಸಿನಲ್ಲಿ ಮದುವೆಗಾಗಿ ಮೈಕನ್ನು ವೇದಿಕೆ ಮೇಲೆ ಇಟ್ಟು ಹೋದವರು ಇವತ್ತಿನವರೆಗೂ ಹಿಂತಿರುಗಿಲ್ಲ. ಮಾರಿಯಾ ಕಥೆಯೂ ಹಾಗೇ ಮುಗಿಯಬೇಕಿತ್ತು.

ಮುಗಿಯಲಿಲ್ಲ, ಯಾಕೆ? ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಜಪಾನಿನಲ್ಲಿ ಒಂದು ಸಿಡಿ ಆಲ್ಬಂ ಬೆಲೆ ಸುಮಾರು 3,000 ಯೆನ್ ಅಂತ ಇಟ್ಟುಕೊಳ್ಳಿ. ಹಾಡಿದವರಿಗೆ ಸಿಗುವ ರಾಯಲ್ಟಿ ಸಾಮಾನ್ಯವಾಗಿ ನೂರಕ್ಕೆ 1ರಿಂದ 3. ಹೊಸಬರಿಗೆ 1 ಅಂತಲೇ ಹಿಡಿಯಬೇಕು, ಅಂದರೆ 30 ಯೆನ್. ಸಾಹಿತ್ಯ ಮತ್ತು ರಾಗದ ಹಕ್ಕಿಗೆ ಬೇರೆ ದರ. ಅದನ್ನು ವಸೂಲಿ ಮಾಡೋದು ಜಸ್ರಾಕ್ ಎಂಬ ಸಂಸ್ಥೆ, 1939ರಿಂದ ಇದೆ, 2001ರವರೆಗೂ ಈ ಕೆಲಸದಲ್ಲಿ ಅದಕ್ಕೆ ಎದುರಾಳಿಯೇ ಇರಲಿಲ್ಲ. ಸಿಡಿಗೆ ಅದರ ದರ ಬೆಲೆಯ ನೂರಕ್ಕೆ 6. ಅಂದರೆ 180 ಯೆನ್. ಹತ್ತು ಲಕ್ಷ ಸಿಡಿ ಮಾರಾಟವಾದರೆ ಹಾಡಿದ್ದಕ್ಕೆ 3 ಕೋಟಿ ಯೆನ್, ಬರೆದದ್ದಕ್ಕೆ 18 ಕೋಟಿ. ಬರೆದದ್ದರಲ್ಲಿ ಪ್ರಕಾಶನ ಕಂಪನಿ ತನ್ನ ಪಾಲು ಕತ್ತರಿಸಿಕೊಳ್ಳುತ್ತದೆ, ಉಳಿದದ್ದನ್ನು ಸಾಹಿತಿ ಮತ್ತು ಸಂಯೋಜಕರು ಹಂಚಿಕೊಳ್ಳುತ್ತಾರೆ, ಅದು ಬೇರೆ ಮಾತು. ಎಲ್ಲ ಕತ್ತರಿಸಿದರೂ, ಸಂಬಳಕ್ಕೆ ಹಾಡುವ ಹುಡುಗಿಗೂ ತಾನೇ ಬರೆಯುವ ಹೆಂಗಸಿಗೂ ನಡುವೆ ಇರುವ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ.

ಅದಕ್ಕಿಂತ ಮುಖ್ಯ ಇನ್ನೊಂದಿದೆ. ಕರಾವೋಕೆ. ಕರಾವೋಕೆ ಯಂತ್ರದಲ್ಲಿ ಬರುವುದು ಗಾಯಕರ ಮೂಲ ಮುದ್ರಣ ಅಲ್ಲ, ಅದಕ್ಕಾಗಿಯೇ ಹೊಸದಾಗಿ ನುಡಿಸಿ ಮಾಡಿದ ಬರೀ ವಾದ್ಯ ಸಂಗೀತ. ಹಾಗಾಗಿ ಆಫೀಸು ಮುಗಿಸಿಕೊಂಡು ಬಂದ ಗೆಳೆಯರು ಒಂದು ಹಾಡನ್ನು ಸಾವಿರ ಸಲ ಹಾಡಿದರೂ ಅದನ್ನು ಮೊದಲು ಹಾಡಿ ಗೆಲ್ಲಿಸಿದ ಗಾಯಕಿಗೆ ಕರಾವೋಕೆಯಿಂದ ಏನೂ ಬರೋದಿಲ್ಲ. ಬರೆದವರಿಗೆ ಬರುತ್ತದೆ, ವರ್ಷಗಟ್ಟಲೆ ಬರುತ್ತದೆ. ನನಗೆ ಇದು ಬಹಳ ನೋವಿನ ವಿಷಯ ಅನ್ನಿಸುತ್ತದೆ, ಯಾಕೆಂದರೆ ಜನ ಅನುಕರಿಸೋದು ಆ ಗಾಯಕಿಯ ದನಿಯನ್ನೇ, ಆ ಉಸಿರನ್ನೇ. ಆದರೆ ನಿಯಮ ಹಾಗಿದೆ. (ನಮ್ಮ ದೇಶದಲ್ಲಿ ಬರೆದವರ ಪಾಡೇ ಬೇರೆ ಇತ್ತು. 2012ರ ಕಾಪಿರೈಟ್ ತಿದ್ದುಪಡಿ ಬಂದ ಮೇಲೆಯೇ ಚಿತ್ರಗೀತೆ ಬರೆದವರ ರಾಯಲ್ಟಿ ಹಕ್ಕನ್ನು ಯಾರೂ ಬರೆಸಿಕೊಳ್ಳುವಂತಿಲ್ಲ ಅಂತ ಕಾನೂನಾದದ್ದು.)

ಮದುವೆಯಾದ ಮಾರಿಯಾ ಮನೆಯಲ್ಲಿ ಕೂತು ಬರೆಯತೊಡಗಿದರು. ಬೇರೆಯವರಿಗಾಗಿ. 1982ರಲ್ಲಿ ನಾವೊಕೊ ಕವಾಯಿ ಹಾಡಿದ ‘ಕೆಂಕಾ ಓ ಯಮೆತೆ’ ಅವರದು. ನನಗಾಗಿ ಜಗಳ ಆಡಬೇಡಿ ಅಂತ ಇಬ್ಬರು ಹುಡುಗರನ್ನು ಬೇಡಿಕೊಳ್ಳುವ ಹುಡುಗಿಯ ಹಾಡು. 1984ರಲ್ಲಿ ಯುಕಿಕೊ ಒಕಾಡಾ ಎಂಬ ಹೊಸ ಐಡಲ್ ಬಂದಾಗ ಅವಳ ಮೊದಲ ಮೂರು ಸಿಂಗಲ್ಲುಗಳನ್ನೂ (ಆಲ್ಬಂ ಅಲ್ಲದೆ ಬಿಡಿ ಹಾಡಾಗಿ ಬರುವ ರೆಕಾರ್ಡು) ಬರೆದುಕೊಟ್ಟದ್ದು ಮಾರಿಯಾ. ಹಿರೊಕೊ ಯಾಕುಶಿಮಾರು ಅವರಿಗೆ ‘ಗೆಂಕಿ ಓ ದಾಶಿತೆ’. 1986ರಲ್ಲಿ ಅಕಿನಾ ನಕಾಮೊರಿ ಆಲ್ಬಮ್ಮಿಗೆ ‘ಎಕಿ’, ಅಂದರೆ ರೈಲ್ವೆ ಸ್ಟೇಷನ್. ಹಳೆಯ ಪ್ರೇಮಿಯನ್ನು ಸಂಜೆಯ ರೈಲಿನಲ್ಲಿ ದೂರದಿಂದ ನೋಡಿ, ಮಾತಾಡಿಸದೆ ಇಳಿದುಹೋಗುವ ಹೆಂಗಸಿನ ಹಾಡು ಅದು. ಮರುವರ್ಷ ಮಾರಿಯಾ ತಾವೇ ಅದನ್ನು ‘ರಿಕ್ವೆಸ್ಟ್’ ಆಲ್ಬಮ್ಮಿನಲ್ಲಿ ಹಾಡಿದರು. ಎರಡನ್ನೂ ಕೇಳಿ. ಅಕಿನಾ ಹಾಡಿದ್ದರಲ್ಲಿ ಗಾಯ ಇನ್ನೂ ಹಸಿಯಾಗಿದೆ, ಮಾರಿಯಾ ಹಾಡಿದ್ದರಲ್ಲಿ ವರ್ಷಗಳು ಕಳೆದಿವೆ. ಯಾವುದು ಮೇಲು ಅಂತ ಜಪಾನಿನಲ್ಲಿ ಈಗಲೂ ಜನ ವಾದ ಮಾಡುತ್ತಾರೆ. ನನಗೆ ಎರಡನೆಯದೇ ಇಷ್ಟ.

ಒಂದು ಕಾಲದಲ್ಲಿ ತಾವು ನಿಂತಿದ್ದ ಜಾಗದಲ್ಲೇ ನಿಂತ ಹುಡುಗಿಯರಿಗೆ ಈಗ ಇವರು ಹಾಡು ಬರೆಯುತ್ತಿದ್ದರು. ಹಾಡಿನ ಅಂಗಡಿಯಲ್ಲಿ ಇವರ ಜಾಗ ಕೌಂಟರಿನ ಆ ಕಡೆಯಿಂದ ಈ ಕಡೆಗೆ ಬಂದಿತ್ತು. ತಮ್ಮನ್ನು ‘ಸಿಂಗರ್-ಸಾಂಗ್‌ರೈಟರ್’ ಅನ್ನುವ ಬದಲು ‘ಸಿಂಗರ್-ಸಾಂಗ್-ಗೃಹಿಣಿ’ ಅಂತ ಅವರೇ ಕರೆದುಕೊಂಡಿದ್ದಾರೆ. ಗೃಹಿಣಿಯಾಗಿ ಇದ್ದುಕೊಂಡೇ ಹಾಡಿನವರಾಗಿ ಉಳಿಯಬಹುದಾದ ಒಂದೇ ದಾರಿ ಆ ಪದದೊಳಗೇ ಇದೆ.

1984ರ ಏಪ್ರಿಲ್ 25ರಂದು ‘ವೆರೈಟಿ’ ಬಂತು. ಮೂನ್ ರೆಕಾರ್ಡ್ಸ್ ಎಂಬ ಹೊಸ ಲೇಬಲ್, ಯಮಾಶಿತಾ ಕೂಡ ಅದನ್ನು ಕಟ್ಟಿದವರಲ್ಲಿ ಒಬ್ಬರು. ಅದರ ಎಲ್ಲ ಹಾಡುಗಳ ಸಾಹಿತ್ಯವೂ ರಾಗವೂ ಮಾರಿಯಾ ಅವರದೇ. ಹೀಗೆ ಆದದ್ದು ಅದೇ ಮೊದಲು. ವಾದ್ಯ ಸಂಯೋಜನೆ ಮತ್ತು ನಿರ್ಮಾಣ ಯಮಾಶಿತಾ. ಜಪಾನಿನಲ್ಲಿ ಮಾರಾಟ ಲೆಕ್ಕ ಹಾಕುವ ಒರಿಕಾನ್ ಪಟ್ಟಿಯಲ್ಲಿ ಆಲ್ಬಂ ಮೊದಲ ಸ್ಥಾನಕ್ಕೆ ಹೋಯಿತು. ‘ಪ್ಲಾಸ್ಟಿಕ್ ಲವ್’ ಅದರಲ್ಲಿ ಒಂದು ಹಾಡು ಅಷ್ಟೆ. ಜುನ್ ಅವೊಯಾಮಾ ಅವರ ಡ್ರಮ್ಸ್, ಕೋಕಿ ಇತೊ ಅವರ ಬಾಸ್, ಯಮಾಶಿತಾ ಅವರ ಕತ್ತರಿಸಿದಂಥ ಗಿಟಾರ್. ತಾಳ ಒಂದು ಕಡೆಯೂ ಆತುರಪಡೋದಿಲ್ಲ. ಒಮ್ಮೆ ಪ್ರೀತಿಯಲ್ಲಿ ನೊಂದ ಹೆಂಗಸು, ಇನ್ನು ಮುಂದೆ ಪ್ರೀತಿ ಅಂದರೆ ಬರೀ ಆಟ ಅಂತ ಹೇಳಿಕೊಂಡು ರಾತ್ರಿಯಿಡೀ ಕುಣಿಯುತ್ತಾಳೆ. ರಾಗ ಖುಷಿಯಾಗಿದೆ, ಹೇಳುವ ಮಾತು ಖಾಲಿ ಖಾಲಿ. ಭಾಷೆ ಬಾರದ ನಮಗೂ ಆ ಖಾಲಿತನ ಮುಟ್ಟುತ್ತದೆ ಅಂದರೆ ಅದು ಬರೆದವರ ಕೈಗುಣ.

1985ರ ಮಾರ್ಚ್ 25ರಂದು ಇದನ್ನು 12 ಇಂಚಿನ ಸಿಂಗಲ್ ಆಗಿ ಬಿಟ್ಟರು. ಪಟ್ಟಿಯಲ್ಲಿ ಏರಿದ್ದು 86ನೇ ಸ್ಥಾನದವರೆಗೆ. ಅಷ್ಟಕ್ಕೇ ಸುದ್ದಿ ಮುಗಿಯಿತು. ಯಮಾಶಿತಾ ತಮ್ಮ ಸಂಗೀತ ಕಛೇರಿಗಳಲ್ಲಿ ಅದನ್ನು ಹಾಡುತ್ತಿದ್ದರು, 1989ರ ಅವರ ಲೈವ್ ಆಲ್ಬಂ ‘ಜಾಯ್’ನಲ್ಲೂ ಇದೆ.

ಈ ಹಾಡನ್ನು ‘ಸಿಟಿ ಪಾಪ್’ ಅಂತ ಕರೆದು, ಜಪಾನಿನ ದುಡ್ಡು ಉಕ್ಕಿ ಹರಿಯುತ್ತಿದ್ದ ಕಾಲದ ಸಂಗೀತ ಅಂತ ಎಲ್ಲ ಕಡೆ ಬರೆಯುತ್ತಾರೆ. ನನಗೆ ಇದರ ಬಗ್ಗೆ ತಕರಾರು ಇದೆ. ಜಮೀನು ಮತ್ತು ಷೇರು ಬೆಲೆ ಹುಚ್ಚೆದ್ದು ಏರಿದ್ದು ಡಾಲರ್ ಎದುರು ಯೆನ್ ಬೆಲೆ ಏರಿಸಿದ 1985ರ ಸೆಪ್ಟೆಂಬರಿನ ಪ್ಲಾಜಾ ಒಪ್ಪಂದದ ನಂತರ, 1986ರಿಂದ 1991ರ ತನಕ. ಈ ಸಂಗೀತದ ಒಳ್ಳೆಯ ದಾಖಲೆಗಳು ಅಷ್ಟರಲ್ಲಾಗಲೇ ಬಂದಾಗಿತ್ತು. ಎಐಚಿ ಒತಾಕಿ ಅವರ ‘ಎ ಲಾಂಗ್ ವೆಕೇಷನ್’ 1981ರದು, ಯಮಾಶಿತಾ ಅವರ ‘ಫಾರ್ ಯು’ 1982ರದು. ಇದನ್ನು ಬೆಳೆಸಿದ್ದು ಗುಳ್ಳೆಯಂಥ ದುಡ್ಡಲ್ಲ, 1979ರ ವಾಕ್‌ಮನ್, ಕಾರಿನ ಕ್ಯಾಸೆಟ್ ಪ್ಲೇಯರ್, ಮತ್ತು ರಾತ್ರಿ ಎಲ್ಲ ಸ್ಟುಡಿಯೋದಲ್ಲಿ ಕೂತು ಒಂದೇ ತಾಳವನ್ನು ಇಪ್ಪತ್ತು ಸಲ ನುಡಿಸುವ ತಾಳ್ಮೆ ಇದ್ದ ವಾದ್ಯಗಾರರು. ಈಜುಕೊಳ, ತೆಂಗಿನ ಮರ, ನೀಲಿ ಆಕಾಶದ ಆ ಆಲ್ಬಂ ಚಿತ್ರಗಳನ್ನು ಬರೆದ ಹಿರೋಶಿ ನಗಾಯಿ, ಐಜಿನ್ ಸುಜುಕಿ ಇಬ್ಬರಿಗೂ ಈ ಗೌರವದಲ್ಲಿ ಪಾಲು ಸಲ್ಲಬೇಕು.

ಆಮೇಲೆ ಮಾರಿಯಾ ಜಪಾನಿನೊಳಗೆ ಮೊದಲಿಗಿಂತ ದೊಡ್ಡವರಾದರು. 1989ರ ‘ಸಿಂಗಲ್ ಅಗೇನ್’ ಟಿವಿಯ ಪತ್ತೇದಾರಿ ಕಥೆಗಳ ಸರಣಿಯ ಹಾಡು. ಮತ್ತೆ ಅದೇ ಟೈ-ಅಪ್, ಆದರೆ ಈ ಸಲ ಬರೆದವರು ಅವರೇ. 1994ರಲ್ಲಿ ಆಯ್ದ ಹಾಡುಗಳ ‘ಇಂಪ್ರೆಷನ್ಸ್’ 30 ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. 1997ರಲ್ಲಿ ರ‍್ಯೋಕೊ ಹಿರೊಸುಎ ಎಂಬ ಹದಿಹರೆಯದ ನಟಿಗೆ ಬರೆದ ಹಾಡು ಇನ್ನೊಂದು ತಲೆಮಾರಿನ ಬಾಯಲ್ಲಿ ಕೂತಿತು. 1998ರಲ್ಲಿ ‘ಕ್ಯಾಮೊಫ್ಲಾಜ್’ ಅವರ ಮೊಟ್ಟಮೊದಲ ನಂಬರ್ ಒನ್ ಸಿಂಗಲ್ ಆಯಿತು, ರಂಗಕ್ಕೆ ಬಂದು 20 ವರ್ಷ ಆದ ಮೇಲೆ. ಇಷ್ಟಾದರೂ ವೇದಿಕೆ ಮೇಲೆ ಅವರು ಕಾಣಿಸಿದ್ದು ಎಷ್ಟು ಕಡಿಮೆ ಗೊತ್ತಾ? 1981ರ ನಂತರ ತಮ್ಮದೇ ಸಂಗೀತ ಕಛೇರಿ ಮಾಡಿದ್ದು 2000ದಲ್ಲಿ. ಆಮೇಲೆ 2010, 2014. ಜಿಮುಶೊ ಲೋಕದಲ್ಲಿ ಮುಖ ತೋರಿಸದೆ ಮೂರು ದಶಕ ಬದುಕಬಹುದು ಅಂತ ತೋರಿಸಿದವರು ತುಂಬಾ ಕಡಿಮೆ. ಅವರಿಗೆ ಅದು ಸಾಧ್ಯವಾದದ್ದು ಆ 180 ಯೆನ್ನಿನಿಂದ. ಸ್ವಂತ ಏಜೆನ್ಸಿ ಮತ್ತು ಲೇಬಲ್ ಮನೆಯವರ ಕೈಯಲ್ಲೇ ಇತ್ತು ಅನ್ನೋದೂ ನಿಜ, ಎಲ್ಲರಿಗೂ ಅಂಥ ಅನುಕೂಲ ಸಿಗೋದಿಲ್ಲ.

ಹಾಗಿದ್ದರೆ ಇಂಥವರ ಹೆಸರು ಹೊರದೇಶಕ್ಕೆ ಯಾಕೆ ಗೊತ್ತಾಗಲಿಲ್ಲ? ಜಪಾನಿನ ಕಂಪನಿಗಳಿಗೆ ಹೊರಗೆ ಹೋಗುವ ಅಗತ್ಯವೇ ಇರಲಿಲ್ಲ, ಅದೇ ಕಾರಣ. 1998ರಲ್ಲಿ ಅಲ್ಲಿನ ಸಿಡಿ, ಕ್ಯಾಸೆಟ್ ಮುಂತಾದವುಗಳ ಉತ್ಪಾದನೆಯ ಮೌಲ್ಯ 60,000 ಕೋಟಿ ಯೆನ್ ದಾಟಿತ್ತು. ಅಮೆರಿಕ ಬಿಟ್ಟರೆ ಜಗತ್ತಿನಲ್ಲೇ ಎರಡನೇ ದೊಡ್ಡ ಮಾರುಕಟ್ಟೆ. ಪುಸ್ತಕ, ಪತ್ರಿಕೆಗಳಂತೆ ಸಿಡಿಗೂ ಕಂಪನಿ ಹೇಳಿದ ಬೆಲೆಗೇ ಅಂಗಡಿಯವರು ಮಾರಬೇಕು ಅನ್ನುವ ವಿಶೇಷ ವಿನಾಯಿತಿ ಕಾನೂನಿನಲ್ಲೇ ಇದೆ. ಬೆಲೆ ಇಳಿಯೋದಿಲ್ಲ. ಕೊಳ್ಳೋಕೆ ದುಬಾರಿ ಅಂದವರು ಬಾಡಿಗೆಗೆ ತರುತ್ತಿದ್ದರು. 1980ರಿಂದ ರೆಕಾರ್ಡ್ ಬಾಡಿಗೆ ಅಂಗಡಿಗಳು ಊರೂರಿಗೆ ಎದ್ದವು, ಕೊನೆಗೆ ಬಾಡಿಗೆಗೂ ರಾಯಲ್ಟಿ ಕೊಡಬೇಕು ಅಂತ 1984ರಲ್ಲಿ ಕಾಪಿರೈಟ್ ಕಾನೂನನ್ನೇ ತಿದ್ದಬೇಕಾಯಿತು. ಇಂಥ ಸುಭದ್ರ ಮನೆಯೊಳಗೆ ಕೂತವರಿಗೆ ಇಂಟರ್ನೆಟ್ ಅಂದರೆ ಕಳ್ಳ ಬಂದ ಹಾಗೆ. ಸ್ಪಾಟಿಫೈ ಜಪಾನಿಗೆ ಕಾಲಿಟ್ಟದ್ದು 2016ರಲ್ಲಿ, ಅಂದರೆ ಅಮೆರಿಕಕ್ಕೆ ಹೋಗಿ ಐದು ವರ್ಷದ ಮೇಲೆ. ಇಂದಿಗೂ ಅಲ್ಲಿ ಧ್ವನಿಮುದ್ರಣದ ಆದಾಯದಲ್ಲಿ ಅರ್ಧಕ್ಕಿಂತ ಜಾಸ್ತಿ ಸಿಡಿ, ಡಿಸ್ಕುಗಳಿಂದಲೇ ಬರುತ್ತದೆ. ಯಮಾಶಿತಾ ಅವರಂತೂ ತಮ್ಮ ಹಾಡನ್ನು ಸ್ಟ್ರೀಮಿಂಗಿಗೆ ಕೊಡುವ ಮನಸ್ಸಿಲ್ಲ ಅಂತ 2022ರಲ್ಲಿ ನೇರವಾಗಿಯೇ ಹೇಳಿದ್ದರು.

ಬರೆದವರನ್ನು ಕಾಪಾಡಿದ ಅದೇ ಗೋಡೆ ಹಾಡನ್ನು ಮುಚ್ಚಿಟ್ಟಿತ್ತು ಅಂತ ನಾನು ನಂಬುತ್ತೇನೆ. 2010ರ ದಶಕದಲ್ಲಿ ಹಳೆಯ ಜಪಾನಿ ರೆಕಾರ್ಡುಗಳನ್ನು ತುಂಡು ಮಾಡಿ ಹೊಸ ತಾಳಕ್ಕೆ ಜೋಡಿಸುವ ಹುಡುಗರು ಬಂದರು. ಕೊರಿಯಾದ ನೈಟ್ ಟೆಂಪೊ 2016ರಲ್ಲಿ ‘ಪ್ಲಾಸ್ಟಿಕ್ ಲವ್’ ಅನ್ನು ಹಾಗೆ ಮಾಡಿದ್ದರು. 2017ರ ಆ ವಿಡಿಯೊವನ್ನು ಯೂಟ್ಯೂಬ್ ತಾನಾಗಿಯೇ ಲಕ್ಷಾಂತರ ಜನರ ಮುಂದೆ ಇಟ್ಟಿತು. ಕಂಪನಿ ಒಂದು ರೂಪಾಯಿ ಪ್ರಚಾರ ಮಾಡಿರಲಿಲ್ಲ. ಅನುಮತಿ ಇಲ್ಲದ ಒಂದು ವಿಡಿಯೊದಿಂದ ಬಂದ ಕೀರ್ತಿ ಅದು. ಕೊನೆಗೆ ವಾರ್ನರ್ ಮ್ಯೂಸಿಕ್ ಜಪಾನ್ 2019ರ ಮೇನಲ್ಲಿ ಹಾಡಿನ ಅಧಿಕೃತ ವಿಡಿಯೊವನ್ನು ಚಿಕ್ಕದಾಗಿ ಬಿಟ್ಟಿತು, 2021ರ ನವೆಂಬರಿನಲ್ಲಿ ಪೂರ್ತಿ ಬಿಟ್ಟಿತು, 12 ಇಂಚಿನ ರೆಕಾರ್ಡನ್ನೂ ಮತ್ತೆ ಒತ್ತಿಸಿತು. ಅಭಿಮಾನಿ ಹಾಕಿದ್ದ ವಿಡಿಯೊ ಕೂಡ 2019ರಲ್ಲಿ ಛಾಯಾಗ್ರಾಹಕರ ಹೆಸರಿನ ಜೊತೆ ವಾಪಸ್ ಬಂತು. ಅದೇ ವರ್ಷ ಡಿಸೆಂಬರ್ 31ರಂದು, ಇಡೀ ಜಪಾನ್ ಮನೆಮಂದಿಯೆಲ್ಲ ಕೂತು ನೋಡುವ, ಅಲ್ಲಿನ ಸಾರ್ವಜನಿಕ ಟಿವಿ ಎನ್‌ಎಚ್‌ಕೆಯ ‘ಕೊಹಾಕು’ ಹಾಡಿನ ಕಾರ್ಯಕ್ರಮದಲ್ಲಿ ಮಾರಿಯಾ ಮೊದಲ ಸಲ ಕಾಣಿಸಿಕೊಂಡರು. ಆಗ ಅವರಿಗೆ 64. ಹಾಡಿದ್ದು ‘ಪ್ಲಾಸ್ಟಿಕ್ ಲವ್’ ಅಲ್ಲ, ‘ಇನೊಚಿ ನೊ ಉತಾ’, ಬದುಕಿನ ಹಾಡು. ತಮ್ಮ ತವರು ಶಿಮಾನೆಯಲ್ಲಿ ನಡೆಯುವ ಒಂದು ಟಿವಿ ಧಾರಾವಾಹಿಗೆ ಅವರೇ ಬರೆದ ಸಾಹಿತ್ಯ ಅದು.

ಇಷ್ಟು ಹೇಳಿ, ಕಹಿಯಾದದ್ದನ್ನು ಬಿಟ್ಟರೆ ಸರಿಹೋಗೋದಿಲ್ಲ. ಜಿಮುಶೊ ಪದ್ಧತಿಯ ಅತಿ ಕೆಟ್ಟ ಮುಖ 2023ರಲ್ಲಿ ಹೊರಬಿತ್ತು. ಹುಡುಗರ ಐಡಲ್ ಗುಂಪುಗಳಿಗೆ ಹೆಸರಾದ ಜಾನೀಸ್ ಏಜೆನ್ಸಿಯ ಸ್ಥಾಪಕ ಜಾನಿ ಕಿತಾಗಾವಾ ದಶಕಗಳ ಕಾಲ ತನ್ನ ಬಳಿ ಕಲಿಯಲು ಬಂದ ಹುಡುಗರ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದ್ದ. ಅವನು 2019ರಲ್ಲಿ ತೀರಿಕೊಂಡ. 2023ರ ಮಾರ್ಚ್‌ನಲ್ಲಿ ಬಿಬಿಸಿ ಸಾಕ್ಷ್ಯಚಿತ್ರ ಬಂದ ಮೇಲೆ ಬಾಧಿತರು ಒಬ್ಬೊಬ್ಬರಾಗಿ ಮಾತಾಡಿದರು, ಸೆಪ್ಟೆಂಬರಿನಲ್ಲಿ ಏಜೆನ್ಸಿಯೇ ಒಪ್ಪಿಕೊಂಡಿತು, ಆಮೇಲೆ ತನ್ನ ಹೆಸರನ್ನೂ ಬದಲಿಸಿತು. ಅಷ್ಟು ವರ್ಷ ಟಿವಿ, ಪತ್ರಿಕೆ ಎಲ್ಲ ಸುಮ್ಮನಿದ್ದವು, ಯಾಕೆಂದರೆ ಏಜೆನ್ಸಿ ಮುನಿಸಿಕೊಂಡರೆ ತಾರೆಗಳು ಬರೋದಿಲ್ಲ. ಯಮಾಶಿತಾ ಮತ್ತು ಮಾರಿಯಾ ಇಬ್ಬರೂ ಜಾನೀಸ್ ಗುಂಪುಗಳಿಗೆ ಹಾಡು ಮಾಡಿಕೊಟ್ಟವರು. ಆ ಏಜೆನ್ಸಿಯನ್ನು ಟೀಕಿಸಿದ ಒಬ್ಬ ಸಂಗೀತ ನಿರ್ಮಾಪಕರ ಒಪ್ಪಂದ ಯಮಾಶಿತಾ ಇರುವ ಏಜೆನ್ಸಿಯಲ್ಲಿ ಕೊನೆಗೊಂಡಾಗ, ಯಮಾಶಿತಾ 2023ರ ಜುಲೈ 9ರಂದು ತಮ್ಮ ರೇಡಿಯೋ ಕಾರ್ಯಕ್ರಮದಲ್ಲಿ ಕೊಟ್ಟ ವಿವರಣೆ ಎಷ್ಟೋ ಅಭಿಮಾನಿಗಳಿಗೆ ನೋವು ಕೊಟ್ಟಿತು. ನನಗೂ ಕೊಟ್ಟಿತು. ಇಷ್ಟು ಸ್ವತಂತ್ರವಾಗಿ ಬದುಕಿದ ಕಲಾವಿದರೂ ಆ ವ್ಯವಸ್ಥೆಯ ಋಣದಿಂದ ಪೂರ್ತಿ ಹೊರಗೆ ಇರಲಿಲ್ಲ. ಅಲ್ಲಿನ ಪೈಪೋಟಿ ಕಾನೂನಿನ ಆಯೋಗ 2018ರಿಂದ ಏಜೆನ್ಸಿ ಮತ್ತು ಕಲಾವಿದರ ಒಪ್ಪಂದಗಳ ಮೇಲೂ ಕಣ್ಣಿಡತೊಡಗಿದೆ.

ಕೊನೆಗೆ ಹಯಾಶಿ ಅವರ ಹತ್ತಿರ ಬರೋಣ. ‘ಸೆಪ್ಟೆಂಬರ್’ಗೆ ರಾಗ ಹಾಕಿದ ಅದೇ 1979ರಲ್ಲಿ ಅವರು ಇನ್ನೊಬ್ಬ ಹೊಸ ಹುಡುಗಿಗೂ ಒಂದು ರಾಗ ಕೊಟ್ಟರು. ಹುಡುಗಿಯ ಹೆಸರು ಮಿಕಿ ಮತ್ಸುಬಾರಾ, ಹಾಡು ‘ಮಾಯೋನಕಾ ನೊ ದೊಆ’, ಮಧ್ಯರಾತ್ರಿಯ ಬಾಗಿಲು. ಸಾಹಿತ್ಯ ತೊಕುಕೊ ಮಿಯುರಾ ಅವರದು. ಆಗ ಮಿಕಿಗೆ ವಯಸ್ಸು 19. ಎಂಥ ದನಿ! 2020ರಲ್ಲಿ ಇಂಡೊನೇಷ್ಯಾದ ರೈನಿಚ್ ಎಂಬ ಯೂಟ್ಯೂಬ್ ಗಾಯಕಿ ಅದನ್ನು ಹಾಡಿದರು, ಅಲ್ಲಿಂದ ಮೂಲ ಹಾಡೇ ಹಬ್ಬಿತು, ಡಿಸೆಂಬರಿನಲ್ಲಿ ಸ್ಪಾಟಿಫೈಯ ಜಾಗತಿಕ ವೈರಲ್ ಪಟ್ಟಿಯಲ್ಲಿ ದಿನಗಟ್ಟಲೆ ಮೊದಲ ಸ್ಥಾನದಲ್ಲಿತ್ತು. ಹೊರದೇಶಗಳಲ್ಲಿರುವ ಮಕ್ಕಳು ತಮ್ಮ ಜಪಾನಿ ಅಮ್ಮಂದಿರಿಗೆ ಆ ಹಾಡು ಕೇಳಿಸಿ ವಿಡಿಯೊ ಮಾಡಿದರು. ಮಿಕಿ ಅದನ್ನು ನೋಡಲಿಲ್ಲ. 2004ರ ಅಕ್ಟೋಬರಿನಲ್ಲಿ, 44ನೇ ವಯಸ್ಸಿಗೆ, ಕ್ಯಾನ್ಸರ್‌ನಿಂದ ತೀರಿಕೊಂಡಿದ್ದರು.

ಮಾರಿಯಾ 2024ರಲ್ಲಿ ‘ಪ್ರೆಷಸ್ ಡೇಸ್’ ಎಂಬ ಹೊಸ ಆಲ್ಬಂ ತಂದರು. ಮರುವರ್ಷ, 70 ತುಂಬಿದ ಮೇಲೆ, 11 ವರ್ಷದ ನಂತರ ಮತ್ತೆ ಊರೂರಿಗೆ ಹಾಡಲು ಹೊರಟರು.